ಹಳೆಯ ಅವಳಿ ಎಂಜಿನ್ ವಿಮಾನದ ಬೆಲೆ: ಯಂತ್ರದಲ್ಲಿ ಅರ್ಧ, ದಾಖಲೆಯಲ್ಲಿ ಅರ್ಧ

ಬೆಲೆ ಬೇರೆ, ಮೌಲ್ಯ ಬೇರೆ ಎಂಬುದು ವರ್ತಕರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಆದರೂ ಹಳೆಯ ಯಂತ್ರವೊಂದರ ಮೌಲ್ಯವನ್ನು ನಿರ್ಧರಿಸುವ ಸಂದರ್ಭ ಒದಗಿದಾಗ ನಮ್ಮಲ್ಲಿ ಬಹುಮಂದಿ ಎರಡೇ ಪ್ರಶ್ನೆ ಕೇಳಿ ಸುಮ್ಮನಾಗುತ್ತೇವೆ: ಯಾವ ಕಂಪನಿಯದು? ಯಾವ ಇಸವಿಯದು? ಈ ಎರಡು ಪ್ರಶ್ನೆಗಳಿಗೆ ದೊರೆತ ಉತ್ತರವನ್ನು ನಂಬಿ ಸಾಲಗಳು ಮಂಜೂರಾಗಿವೆ, ಪಾಲುದಾರಿಕೆಗಳು ಮುರಿದಿವೆ, ಅಣ್ಣತಮ್ಮಂದಿರ ವಿಭಾಗಪತ್ರಗಳು ನೋಂದಣಿಯಾಗಿವೆ.

ಕೆಲವು ವರ್ಷಗಳ ಹಿಂದೆ ನಾನು ಭಾಗಿಯಾಗಿದ್ದ ಪಾಲುದಾರಿಕೆ ಸಂಸ್ಥೆಯೊಂದು ವಿಸರ್ಜನೆಗೊಂಡಿತು. ಹಿರಿಯ ಪಾಲುದಾರರು ತಮ್ಮ ಪಾಲಿನ ಹಣ ಪಡೆದು ನಿವೃತ್ತರಾಗುವುದೆಂದೂ, ಯಂತ್ರಗಳು ನನ್ನಲ್ಲಿಯೇ ಉಳಿಯುವುದೆಂದೂ ಒಪ್ಪಂದವಾಯಿತು. ಬಂದ ಮೌಲ್ಯಮಾಪಕರು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದರು. ಎರಡು ಗ್ರೈಂಡಿಂಗ್ ಯಂತ್ರಗಳು ಒಂದೇ ಕಂಪನಿಯವು, ಒಂದೇ ವರ್ಷದವು. ಆದ್ದರಿಂದ ಎರಡಕ್ಕೂ ಒಂದೇ ಬೆಲೆ ಬರೆದರು. ಅವುಗಳಲ್ಲೊಂದಕ್ಕೆ ಎರಡು ವರ್ಷ ಮೊದಲಷ್ಟೇ ಸ್ಪಿಂಡಲ್ ಬೇರಿಂಗುಗಳನ್ನು ಬದಲಾಯಿಸಿ, ಬೆಡ್ಡನ್ನು ಸರಿಪಡಿಸಿ ಗಣನೀಯ ಮೊತ್ತ ವೆಚ್ಚ ಮಾಡಿದ್ದೆವು. ಆದರೆ ಅದರ ಬಿಲ್ಲುಗಳನ್ನು ಕೇಳಿದಾಗ ಹುಡುಕಿ ತೋರಿಸಲು ನಮ್ಮಿಬ್ಬರಿಂದಲೂ ಆಗಲಿಲ್ಲ. ಅದರ ನಷ್ಟ ಹಿರಿಯರಿಗೆ ಆಯಿತು, ಲಾಭ ನನಗಾಯಿತು. ಆ ಯಂತ್ರ ಮುಂದೆ ಹಲವು ವರ್ಷ ತಕರಾರಿಲ್ಲದೆ ದುಡಿದಾಗಲೆಲ್ಲ ಆ ಲೆಕ್ಕ ಸರಿಯಾಗಿರಲಿಲ್ಲವೆಂಬ ಸಂಕೋಚ ನನ್ನನ್ನು ಕಾಡಿದೆ.

ಬಳಿಕ ನಮ್ಮ ಘಟಕವು ವಿಮಾನದ ಬಿಡಿಭಾಗಗಳಿಗೆ ಸಂಬಂಧಿಸಿದ ಸಣ್ಣಪುಟ್ಟ ಕೆಲಸಗಳನ್ನು ಕೈಗೆತ್ತಿಕೊಂಡಿತು. ಆ ನಿಮಿತ್ತ ಅಮೆರಿಕದ ಹಳೆಯ ಲಘು ವಿಮಾನಗಳ ಪೇಟೆಯ ರೀತಿನೀತಿಗಳನ್ನು ಓದುವ ಅವಕಾಶ ದೊರೆಯಿತು. ಐವತ್ತು ಅರವತ್ತು ವರ್ಷ ದಾಟಿದ ಅವಳಿ ಎಂಜಿನ್ ವಿಮಾನಗಳು ಅಲ್ಲಿ ಇಂದಿಗೂ ಕೈಬದಲಾಗುತ್ತಿವೆ. ಅವುಗಳಿಗೆ ಬೆಲೆ ಕಟ್ಟುವ ಕ್ರಮದಿಂದ ನಾವು ಕಲಿಯಬೇಕಾದುದು ಬಹಳಷ್ಟಿದೆ ಎಂಬುದು ಪ್ರಸ್ತುತ ಲೇಖನದ ಅಭಿಪ್ರಾಯ.

ಹಳೆಯ ವಿಮಾನಗಳು ಉಳಿದುಕೊಂಡ ಬಗೆ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ವ್ಯಾಪಾರಸ್ಥರು ಸ್ವಂತ ಪ್ರಯಾಣಕ್ಕಾಗಿ ಸಣ್ಣ ವಿಮಾನಗಳನ್ನು ಕೊಳ್ಳತೊಡಗಿದರು. ಪೈಪರ್ ಕಂಪನಿಯ ಅಪಾಚಿ ಮತ್ತು ಸೆಸ್ನಾ ಕಂಪನಿಯ 310, ಇವೆರಡೂ 1954ರಲ್ಲಿ ಗ್ರಾಹಕರ ಕೈಸೇರಿದವು. ಅಪಾಚಿಗೆ ತಲಾ 150 ಅಶ್ವಶಕ್ತಿಯ ಎರಡು ಲೈಕಮಿಂಗ್ ಎಂಜಿನ್‌ಗಳು. ಸೆಸ್ನಾ 310ಕ್ಕೆ ತಲಾ 240 ಅಶ್ವಶಕ್ತಿಯ ಎರಡು ಕಾಂಟಿನೆಂಟಲ್ ಎಂಜಿನ್‌ಗಳು. ಸೆಸ್ನಾ 310ರ ತಯಾರಿಕೆ ಹಲವು ಸುಧಾರಣೆಗಳೊಂದಿಗೆ 1980ರವರೆಗೆ ನಡೆಯಿತು. ಇವೆರಡಕ್ಕಿಂತ ಹಿರಿಯದು ಬೀಚ್ 18. ಅದು 1937ರಲ್ಲಿ ಮೊದಲು ಹಾರಿ, 1969ರವರೆಗೂ ಕಾರ್ಖಾನೆಯಿಂದ ಹೊರಬರುತ್ತಿತ್ತು.

1978ರಲ್ಲಿ ಅಮೆರಿಕದ ಕಾರ್ಖಾನೆಗಳು 17,811 ಸಾಮಾನ್ಯ ಬಳಕೆಯ ವಿಮಾನಗಳನ್ನು ರವಾನಿಸಿದ್ದವು. 1994ರ ವೇಳೆಗೆ ಆ ಸಂಖ್ಯೆ 928ಕ್ಕೆ ಕುಸಿಯಿತು. ಹೊಸದು ದುಬಾರಿಯಾದಾಗ, ವಿರಳವಾದಾಗ ಹಳೆಯದನ್ನು ದುರಸ್ತಿ ಮಾಡಿಕೊಂಡು ನಡೆಸುವುದು ಲೋಕರೂಢಿ. ಹೀಗೆ ಆ ಕಾಲದ ವಿಮಾನಗಳು ಒಬ್ಬರಿಂದೊಬ್ಬರಿಗೆ ದಾಟುತ್ತ ಉಳಿದುಕೊಂಡವು. ಅಂತಹ ವಿಮಾನಕ್ಕೆ ಇಂದು ಬೆಲೆ ಕಟ್ಟುವವನ ಮುಂದೆ ನಮ್ಮ ಮೌಲ್ಯಮಾಪಕರ ಮುಂದಿದ್ದ ಪ್ರಶ್ನೆಯೇ ಇರುತ್ತದೆ. ವ್ಯತ್ಯಾಸವೆಂದರೆ, ಇಸವಿ ಕೇಳಿ ಅವನು ಸುಮ್ಮನಾಗುವಂತಿಲ್ಲ.

ದರಪಟ್ಟಿ ಹೇಳುವುದೆಷ್ಟು?

ಹಳೆಯ ವಿಮಾನಗಳ ಬೆಲೆಗೆಂದೇ ಅಲ್ಲಿ ದರಪಟ್ಟಿಗಳಿವೆ. ಏರ್‌ಕ್ರಾಫ್ಟ್ ಬ್ಲೂಬುಕ್, ವಿರೆಫ್ ಮುಂತಾದವು ಪ್ರತಿ ಮಾದರಿಗೂ ವರ್ಷವಾರು ಸರಾಸರಿ ಬೆಲೆಯನ್ನು ಸೂಚಿಸುತ್ತವೆ. ಆದರೆ ಇವು ಲೆಕ್ಕದ ಆರಂಭವೇ ಹೊರತು ಮುಕ್ತಾಯವಲ್ಲ. ಪಟ್ಟಿಯ ಬೆಲೆ ಸಾಧಾರಣ ಸ್ಥಿತಿಯ ಒಂದು ಕಲ್ಪಿತ ವಿಮಾನಕ್ಕೆ ಸೇರಿದ್ದು. ಹ್ಯಾಂಗರಿನಲ್ಲಿ ನಿಂತಿರುವುದು ತನ್ನದೇ ಚರಿತ್ರೆಯುಳ್ಳ ಒಂದು ನಿರ್ದಿಷ್ಟ ವಿಮಾನ. ಎಣಿಕೆಯಲ್ಲಿ ಕಡಿಮೆ ಉಳಿದಿರುವ ಮಾದರಿಗಳಿಗೆ ಹೋಲಿಸಲು ಇತ್ತೀಚಿನ ಮಾರಾಟಗಳೇ ಸಿಗುವುದಿಲ್ಲ.

ಜಾಹೀರಾತಿನ ಬೆಲೆಯನ್ನು ನೋಡಿದರಾಯಿತು ಎನ್ನಬಹುದು. ಅದು ಮಾರುವವನ ಆಸೆ. ಕೊಂಡವನು ಕೊಟ್ಟ ಹಣವಲ್ಲ. ಕ್ರಯಪತ್ರವನ್ನು ನೋಡೋಣವೆಂದರೆ ಅಲ್ಲಿಯೂ ಒಂದು ಸ್ವಾರಸ್ಯವಿದೆ. ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆಯಾದ ಎಫ್‌ಎಎ, ವಿಮಾನಗಳ ಒಡೆತನದ ದಾಖಲೆಗಳನ್ನು ಒಕ್ಲಹೋಮ ಸಿಟಿಯಲ್ಲಿ ಇರಿಸಿದೆ. ಒಡೆಯರು ಯಾರು, ವಿಮಾನದ ಮೇಲೆ ಸಾಲದ ಹೊರೆ ಇದೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಆದರೆ ಅಲ್ಲಿ ಸಲ್ಲಿಸುವ ಕ್ರಯಪತ್ರದಲ್ಲಿ ಅನೇಕರು ಒಂದು ಡಾಲರ್ ಮತ್ತು ಇತರ ಪ್ರತಿಫಲ ಎಂದಷ್ಟೇ ನಮೂದಿಸುತ್ತಾರೆ. ನಿಜವಾದ ಮೊತ್ತ ಕೊಟ್ಟವನಿಗೂ ಪಡೆದವನಿಗೂ ಮಾತ್ರ ಗೊತ್ತು. ನೋಂದಣಿ ಕಚೇರಿಯ ಬೆಲೆಗೂ ಪೇಟೆಯ ಬೆಲೆಗೂ ಇರುವ ಅಂತರವನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡು ಎಂಜಿನ್, ಇಮ್ಮಡಿ ಹೊಣೆ

ಹೀಗಿರುವಾಗ ಅನುಭವಿ ಮೌಲ್ಯಮಾಪಕನು ಮೊದಲು ಕೇಳುವುದು ಎಂಜಿನ್‌ನಲ್ಲಿ ಉಳಿದಿರುವ ಆಯುಷ್ಯವನ್ನು. ಪ್ರತಿ ಎಂಜಿನ್ನಿಗೂ ಇಷ್ಟು ಗಂಟೆಗಳ ನಂತರ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕೆಂದು ತಯಾರಕರು ಸೂಚಿಸಿರುತ್ತಾರೆ. ಅಪಾಚಿಯಲ್ಲಿರುವ ಲೈಕಮಿಂಗ್ ಓ-320 ಎಂಜಿನ್ನಿಗೆ ಸಾಮಾನ್ಯವಾಗಿ 2,000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಸ್ವಂತಕ್ಕೆ ಹಾರಿಸುವವನಿಗೆ ಅಲ್ಲಿನ ಕಾನೂನು ಈ ಮಿತಿಯನ್ನು ಕಡ್ಡಾಯಗೊಳಿಸಿಲ್ಲ. ಆದರೆ ಮಾರುಕಟ್ಟೆ ಕಡ್ಡಾಯಗೊಳಿಸಿದೆ.

ಲೆಕ್ಕಕ್ಕಾಗಿ ಒಂದು ಎಂಜಿನ್ನಿನ ಓವರ್‌ಹಾಲ್ ವೆಚ್ಚ 40,000 ಡಾಲರ್ ಎಂದು ಹಿಡಿಯೋಣ. ಒಂದೇ ವರ್ಷ ತಯಾರಾದ ಎರಡು ಅಪಾಚಿಗಳಿವೆ. ಮೊದಲನೆಯದರ ಎರಡೂ ಎಂಜಿನ್‌ಗಳು ಓವರ್‌ಹಾಲ್ ನಂತರ 300 ಗಂಟೆ ದುಡಿದಿವೆ, ಶೇ. 85ರಷ್ಟು ಆಯುಷ್ಯ ಬಾಕಿಯಿದೆ. ಎರಡನೆಯದರವು 1,800 ಗಂಟೆ ದುಡಿದಿವೆ; ಶೇ. 10ರಷ್ಟು ಮಾತ್ರ ಬಾಕಿ. ವ್ಯತ್ಯಾಸ ಎಂಜಿನ್ ಒಂದಕ್ಕೆ 30,000 ಡಾಲರ್, ಎರಡಕ್ಕೆ 60,000. ಹಳೆಯ ಅಪಾಚಿಗಳಲ್ಲಿ ಎರಡು ಎಂಜಿನ್‌ಗಳ ಓವರ್‌ಹಾಲ್ ವೆಚ್ಚವು ಇಡೀ ವಿಮಾನದ ಬೆಲೆಗೆ ಸಮನಾಗುವುದಾಗಲಿ, ಅದನ್ನು ಮೀರುವುದಾಗಲಿ ಅಪರೂಪವೇನಲ್ಲ. ಎರಡನೆಯ ಎಂಜಿನ್ ವಿಮಾನದ ಬೆಲೆಯನ್ನು ಇಮ್ಮಡಿಗೊಳಿಸುವುದಿಲ್ಲ. ಅದರ ಖರ್ಚನ್ನು ಮಾತ್ರ ಇಮ್ಮಡಿಗೊಳಿಸುತ್ತದೆ. ಹಳೆಯ ಅವಳಿ ಎಂಜಿನ್ ವಿಮಾನ ನೋಡಲು ಅಗ್ಗವೆನಿಸುವುದು ಈ ಕಾರಣದಿಂದಲೇ. ಇಟ್ಟುಕೊಳ್ಳುವ ಖರ್ಚನ್ನು ಬಲ್ಲ ಗಿರಾಕಿಗಳು ಕಡಿಮೆ ಬೆಲೆಯನ್ನೇ ಕೊಡುತ್ತಾರೆ. ಬಲ್ಲದವರು ಅಗ್ಗವೆಂದು ಕೊಂಡು ಕೈಸುಟ್ಟುಕೊಳ್ಳುತ್ತಾರೆ.

ಗಂಟೆಗಳ ಲೆಕ್ಕವೂ ಕಣ್ಣುಮುಚ್ಚಿ ನಂಬತಕ್ಕದ್ದಲ್ಲ. ಹದಿನೈದು ವರ್ಷಗಳಲ್ಲಿ ಇನ್ನೂರೇ ಗಂಟೆ ಹಾರಿದ ಎಂಜಿನ್ ಕಾಗದದ ಮೇಲೆ ಹೊಸದರಂತೆ ಕಾಣುತ್ತದೆ. ಆದರೆ ಲೈಕಮಿಂಗ್ ಎಂಜಿನ್ನಿನ ಕ್ಯಾಮ್ ಶಾಫ್ಟ್ ಮೇಲ್ಭಾಗದಲ್ಲಿರುವುದರಿಂದ, ನಿಂತಲ್ಲೇ ನಿಂತಾಗ ಎಣ್ಣೆಯೆಲ್ಲ ಕೆಳಗಿಳಿದು ಅದು ತುಕ್ಕು ಹಿಡಿಯುತ್ತದೆ. ನಿಯಮಿತವಾಗಿ ದುಡಿದ ಎಂಜಿನ್ನಿಗಿಂತ ಸುಮ್ಮನೆ ನಿಂತ ಎಂಜಿನ್ ಹೆಚ್ಚು ಅಪಾಯಕಾರಿ. ಓವರ್‌ಹಾಲ್ ಎಂಬ ಪದವೂ ಒಂದೇ ಅರ್ಥದ್ದಲ್ಲ. ಸಿಲಿಂಡರುಗಳನ್ನಷ್ಟೇ ಬದಲಾಯಿಸಿದ್ದು ಬೇರೆ, ಪೂರ್ತಿ ಬಿಚ್ಚಿ ಅಳತೆ ನೋಡಿದ್ದು ಬೇರೆ. ಶೂನ್ಯ ಗಂಟೆಯ ಹೊಸ ಲೆಕ್ಕವನ್ನು ಆರಂಭಿಸುವ ಅಧಿಕಾರ ಅಲ್ಲಿ ತಯಾರಕರಿಗೂ ತಯಾರಕರು ಅನುಮೋದಿಸಿದವರಿಗೂ ಮಾತ್ರ ಇದೆ. ಮಾರುವವನು ಎಂಜಿನ್ ಹೊಸದಾಗಿದೆ ಎಂದಾಗ, ಯಾರು, ಯಾವ ಅಳತೆಗೆ ಮಾಡಿದರು ಎಂದು ಕೇಳದವನು ನಷ್ಟಕ್ಕೆ ತಾನೇ ಹೊಣೆ.

ಲಾಗ್‌ಬುಕ್ ಇಲ್ಲದ ವಿಮಾನ

ವಿಮಾನದ ಒಡಲಿಗೆ, ಪ್ರತಿ ಎಂಜಿನ್ನಿಗೆ, ಪ್ರತಿ ಪ್ರೊಪೆಲ್ಲರಿಗೆ ಪ್ರತ್ಯೇಕ ಲಾಗ್‌ಬುಕ್ ಇರುವುದು ವಾಡಿಕೆ. ಯಾವ ದಿನ, ಯಾವ ದುರಸ್ತಿ, ಯಾವ ಪ್ರಮಾಣಿತ ಮೆಕ್ಯಾನಿಕ್ಕನ ಸಹಿ ಎಂಬುದೆಲ್ಲ ಅವುಗಳಲ್ಲಿರುತ್ತದೆ. ದೊಡ್ಡ ದುರಸ್ತಿ ಹಾಗೂ ಮಾರ್ಪಾಡುಗಳನ್ನು 337ನೇ ಸಂಖ್ಯೆಯ ನಮೂನೆಯಲ್ಲಿ ಭರ್ತಿ ಮಾಡಿ ಎಫ್‌ಎಎಗೆ ಸಲ್ಲಿಸಬೇಕು. ಒಂದು ಲಾಗ್‌ಬುಕ್ ಕಳೆದುಹೋದರೆ ಯಂತ್ರದ ಒಂದು ಬೋಲ್ಟೂ ಬದಲಾಗಿರುವುದಿಲ್ಲ. ಆದರೂ ಬೆಲೆ ಗಣನೀಯವಾಗಿ ಇಳಿಯುತ್ತದೆ. ಏಕೆಂದರೆ ಮಾಡಿದ ಕೆಲಸವನ್ನು ರುಜುವಾತುಪಡಿಸಲಾಗದಿದ್ದರೆ, ಕೊಳ್ಳುವವನು ಅದು ಆಗಿಲ್ಲವೆಂದೇ ಭಾವಿಸಿ ಲೆಕ್ಕ ಹಾಕಬೇಕಾಗುತ್ತದೆ.

ದಾಖಲೆಗೆ ಇಷ್ಟು ತೂಕವಿರುವುದಕ್ಕೆ ಬೀಚ್ 18 ಒಳ್ಳೆಯ ನಿದರ್ಶನ. ಅದರ ರೆಕ್ಕೆಗಳನ್ನು ಹೊರುವ ತೊಲೆ ಉಕ್ಕಿನ ಕೊಳವೆಗಳನ್ನು ಬೆಸುಗೆ ಹಾಕಿ ಮಾಡಿದ್ದು. ಆ ತೊಲೆಯಲ್ಲಿ ಲೋಹದ ದಣಿವಿನಿಂದ ಬಿರುಕು ಮೂಡುವ ಅಪಾಯ ಕಂಡುಬಂದ ಮೇಲೆ, ನಿಗದಿತ ಅವಧಿಗೆ ಅದನ್ನು ಎಕ್ಸ್-ರೇ ಪರೀಕ್ಷೆಗೆ ಒಳಪಡಿಸಬೇಕೆಂದು ಎಫ್‌ಎಎ ಆದೇಶಿಸಿತು. ತೊಲೆಗೆ ಬಲಪಟ್ಟಿ ಅಳವಡಿಸುವ ವ್ಯವಸ್ಥೆಯೂ ಬಂದಿತು. ಈಗ ಹೊಳೆಯುವ ಅಲ್ಯೂಮಿನಿಯಂ ಮೈಯ, ಎಲ್ಲರೂ ಫೋಟೋ ತೆಗೆಸಿಕೊಳ್ಳಲು ಬಯಸುವ ಒಂದು ಬೀಚ್ 18 ಮಾರಾಟಕ್ಕಿದೆ ಎನ್ನೋಣ. ತೊಲೆಯ ಪರೀಕ್ಷೆಯ ಕಾಗದಗಳಿಲ್ಲದಿದ್ದರೆ ಅದರ ಬೆಲೆ ಹೊಳಪಿನದು ಮಾತ್ರ. ಮೇಲೆ ಥಳುಕು, ಒಳಗೆ ಹುಳುಕು ಎಂಬ ನಮ್ಮ ಗಾದೆ ಇಂತಹ ಯಂತ್ರಗಳಿಗೂ ಸಲ್ಲುತ್ತದೆ.

ಕೊಳ್ಳುವ ಮುನ್ನ ನಡೆಸುವ ತಪಾಸಣೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ಹನ್ನೆರಡು ತಿಂಗಳಿಗೊಮ್ಮೆ ವಾರ್ಷಿಕ ತಪಾಸಣೆ ಅಲ್ಲಿ ಕಡ್ಡಾಯ. ಆದರೆ ಖರೀದಿಪೂರ್ವ ತಪಾಸಣೆ ಎಂಬುದಕ್ಕೆ ನಿಯಮಗಳಲ್ಲಿ ವ್ಯಾಖ್ಯಾನವಿಲ್ಲ. ಏನನ್ನು ಬಿಚ್ಚಿ ನೋಡಬೇಕು ಎಂಬುದನ್ನು ಕೊಳ್ಳುವವನೇ ಬರಹದಲ್ಲಿ ಕೊಡಬೇಕು. ಮಾರುವವನ ಮೆಕ್ಯಾನಿಕ್ಕನಿಂದಲೇ ಅದನ್ನು ಮಾಡಿಸುವುದು ಪ್ರತಿವಾದಿಯ ವಕೀಲರನ್ನೇ ಸಲಹೆ ಕೇಳಿದಂತೆ.

ಕೂಡುವ ಬಾಬು, ಕಳೆಯುವ ಬಾಬು

ಹೊಸ ಬಣ್ಣ, ಹೊಸ ಆಸನ, ಹೊಸ ಉಪಕರಣಗಳಿಗೆ ಹಾಕಿದ ಹಣ ಬೆಲೆಯಲ್ಲಿ ಪೂರ್ತಿಯಾಗಿ ಮರಳುವುದಿಲ್ಲ. 2020ರ ಜನವರಿ 1ರಿಂದ ಅಮೆರಿಕದ ಬಹುಪಾಲು ನಿಯಂತ್ರಿತ ವಾಯುಪ್ರದೇಶದಲ್ಲಿ ವಿಮಾನದ ಸ್ಥಾನವನ್ನು ಪ್ರಸಾರ ಮಾಡುವ ಎಡಿಎಸ್-ಬಿ ಉಪಕರಣ ಕಡ್ಡಾಯವಾಗಿದೆ. ಅದು ಇದ್ದರೆ ಬೆಲೆ ಹೆಚ್ಚುವುದಿಲ್ಲ, ಇಲ್ಲದಿದ್ದರೆ ಇಳಿಯುತ್ತದೆ. ಕಡ್ಡಾಯವಾದ ಪ್ರತಿಯೊಂದು ಖರ್ಚಿನ ಸ್ವಭಾವವೂ ಇದೇ.

ಇಂಧನದ ಪ್ರಶ್ನೆಯೂ ಈಗ ಲೆಕ್ಕಕ್ಕೆ ಸೇರಿದೆ. ಸೀಸ ಬೆರೆತ ವಿಮಾನ ಪೆಟ್ರೋಲನ್ನು 2030ರ ಅಂತ್ಯದೊಳಗೆ ಕೈಬಿಡುವ ಗುರಿಯನ್ನು ಅಮೆರಿಕದ ಸರಕಾರ ಮತ್ತು ಉದ್ಯಮ 2022ರಲ್ಲಿ ಜೊತೆಯಾಗಿ ಪ್ರಕಟಿಸಿವೆ. ಹೆಚ್ಚು ಒತ್ತಡದ ಎಂಜಿನ್‌ಗಳಿಗೆ ಈ ಬದಲಾವಣೆ ಚಿಂತೆಯ ವಿಷಯ. ಕಡಿಮೆ ಆಕ್ಟೇನ್ ಇಂಧನಕ್ಕೆಂದೇ ರೂಪಿಸಲಾದ 150 ಅಶ್ವಶಕ್ತಿಯ ಹಳೆಯ ಎಂಜಿನ್ನಿಗೆ ಅಷ್ಟಿಲ್ಲ. ಹಳೆಯದೆಲ್ಲ ಪ್ರತಿಕೂಲ ಎನ್ನುವಂತಿಲ್ಲ.

ಸ್ಥಳದಿಂದಲೂ ಬೆಲೆ ಬದಲಾಗುತ್ತದೆ. ಅರಿಜೋನಾದ ಒಣ ಹವೆಯಲ್ಲಿ ನಿಂತ ವಿಮಾನಕ್ಕೂ ಫ್ಲೋರಿಡಾದ ಕಡಲತೀರದಲ್ಲಿ ನಿಂತದ್ದಕ್ಕೂ ತುಕ್ಕಿನ ದೃಷ್ಟಿಯಿಂದ ಬಹಳ ಅಂತರ. ಇನ್ನು ಅಲ್ಲಿ ನಿಯಮಬದ್ಧವಾಗಿ ಹಾರುತ್ತಿರುವ ಅರವತ್ತು ವರ್ಷದ ವಿಮಾನದ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ಇಲ್ಲಿನ ಮೌಲ್ಯವೆಂದು ಹೇಳಲಾಗದು. ಆಮದಾಗುವ ವಿಮಾನಗಳ ವಯಸ್ಸಿಗೆ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಮಿತಿ ವಿಧಿಸಿದೆ. ಬಳಸಲು ಅನುಮತಿ ಇಲ್ಲದ ಕಡೆ ಬಳಕೆಯ ಮೌಲ್ಯ ಎಲ್ಲಿಂದ ಬರಬೇಕು?

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ. ಅವಳಿ ಎಂಜಿನ್ ವಿಮಾನದ ವಿಷಯದಲ್ಲಿ ಕೆಲವೊಮ್ಮೆ ಸತ್ತ ಆನೆಗೇ ಹೆಚ್ಚು ಬೆಲೆ. ಎರಡೂ ಎಂಜಿನ್‌ಗಳ ಆಯುಷ್ಯ ಮುಗಿದಿದ್ದರೆ, ಬಿಚ್ಚಿ ಪ್ರೊಪೆಲ್ಲರ್, ಲ್ಯಾಂಡಿಂಗ್ ಗೇರ್, ಉಪಕರಣಗಳನ್ನು ಬಿಡಿಬಿಡಿಯಾಗಿ ಮಾರಿದಾಗ ಇಡಿಯಾಗಿ ಮಾರಿದ್ದಕ್ಕಿಂತ ಹೆಚ್ಚು ಹಣ ಬರಬಹುದು. ಹೀಗೆ ಬಿಡಿಭಾಗಗಳ ಮೌಲ್ಯವೇ ಬೆಲೆಯ ತಳಪಾಯ. ತಿಳಿವಳಿಕೆಯುಳ್ಳ ಮೌಲ್ಯಮಾಪಕನು ತಳಪಾಯದ ಬೆಲೆಯನ್ನೂ ಹಾರಾಟದ ಬೆಲೆಯನ್ನೂ ಬೇರೆ ಬೇರೆಯಾಗಿಯೇ ಬರೆಯುತ್ತಾನೆ.

ಯಾರಿಗಾಗಿ ಈ ಮೌಲ್ಯ?

ವಿಮೆಗಾಗಿ ಕಟ್ಟುವ ಮೌಲ್ಯ, ಸಾಲದ ಭದ್ರತೆಗಾಗಿ ಕಟ್ಟುವ ಮೌಲ್ಯ, ತುರ್ತು ಹರಾಜಿನ ಮೌಲ್ಯ, ವಾರಸುದಾರರ ಹಂಚಿಕೆಯ ಮೌಲ್ಯ ಇವು ಒಂದೇ ಆಗಿರಬೇಕಾಗಿಲ್ಲ. ಉದ್ದೇಶವನ್ನೂ ದಿನಾಂಕವನ್ನೂ ಹೇಳದ ಮೌಲ್ಯಮಾಪನ ವರದಿಗೆ ಅರ್ಥವಿಲ್ಲ. ಹಿತಾಸಕ್ತಿ ಸೇರಿದರೆ ಮೌಲ್ಯ ಹೇಗೆ ಉಬ್ಬುತ್ತದೆ ಎಂಬುದಕ್ಕೂ ಅಮೆರಿಕದಲ್ಲಿ ಉದಾಹರಣೆಯಿದೆ. ಹಳೆಯ ವಾಹನ, ದೋಣಿ, ವಿಮಾನಗಳನ್ನು ಧರ್ಮಾರ್ಥ ಸಂಸ್ಥೆಗಳಿಗೆ ದಾನ ಮಾಡಿ, ಹೆಚ್ಚಿನ ಮೌಲ್ಯ ತೋರಿಸಿ ತೆರಿಗೆ ರಿಯಾಯಿತಿ ಪಡೆಯುವ ಪರಿಪಾಠ ಅಲ್ಲಿ ಬೆಳೆದಿತ್ತು. 2004ರಲ್ಲಿ ಅಂಗೀಕೃತವಾಗಿ 2005ರಿಂದ ಜಾರಿಗೆ ಬಂದ ಕಾನೂನು ಇದಕ್ಕೆ ತಡೆ ಹಾಕಿತು. 500 ಡಾಲರಿಗಿಂತ ಹೆಚ್ಚು ಮೌಲ್ಯ ತೋರಿಸಿದ ದಾನದ ವಸ್ತುವನ್ನು ಸಂಸ್ಥೆಯು ತಾನು ಬಳಸದೆ, ಸುಧಾರಿಸದೆ ಮಾರಿದರೆ, ಮಾರಾಟದಿಂದ ಬಂದ ಮೊತ್ತಕ್ಕಷ್ಟೇ ರಿಯಾಯಿತಿ ಸೀಮಿತ. ವರದಿಯ ಅಂಕಿಯನ್ನು ಪೇಟೆಯ ಅಂಕಿಗೆ ಕಟ್ಟಿಹಾಕಿದ ಈ ಕ್ರಮ ನ್ಯಾಯವಾದದ್ದು.

ನಾವು ಮಾಡಬೇಕಾದುದು

ಇಷ್ಟನ್ನೂ ನಮ್ಮ ಕಾರ್ಖಾನೆಗಳ ಕಡೆಗೆ ತಿರುಗಿಸಿ ನೋಡೋಣ. ನಮ್ಮಲ್ಲಿ ಎಷ್ಟು ಲೇತ್‌ಗಳಿಗೆ, ಎಷ್ಟು ಪ್ರೆಸ್‌ಗಳಿಗೆ ಲಾಗ್‌ಬುಕ್ ಇದೆ? ಜಮಾಖರ್ಚಿನ ಪುಸ್ತಕವೊಂದೇ ನಮಗೆ ಆಧಾರ. ಅದರಲ್ಲಿ 10 ಲಕ್ಷ ರೂಪಾಯಿಯ ಯಂತ್ರಕ್ಕೆ ವರ್ಷಕ್ಕೆ ಶೇ. 15ರಂತೆ ಉಳಿಕೆಯ ಮೇಲೆ ಸವಕಳಿ ಕಳೆಯುತ್ತ ಹೋದರೆ 20 ವರ್ಷಗಳಲ್ಲಿ ಸುಮಾರು 39 ಸಾವಿರ ರೂಪಾಯಿ ಉಳಿಯುತ್ತದೆ. ತೆರಿಗೆಯ ಲೆಕ್ಕಕ್ಕೆ ಅದು ಸರಿ. ಆದರೆ ಚೆನ್ನಾಗಿ ನೋಡಿಕೊಂಡ ಯಂತ್ರ ಅದರ ಹಲವು ಪಟ್ಟು ಬಾಳಬಹುದು. ನಿರ್ಲಕ್ಷಿಸಿದ ಯಂತ್ರ ಗುಜರಿಯ ತೂಕಕ್ಕೂ ಹೆಚ್ಚಿಗೆ ಬಾಳದಿರಬಹುದು. ಸವಕಳಿಯ ಕೋಷ್ಟಕ ಇವೆರಡನ್ನೂ ಬೇರ್ಪಡಿಸಲಾರದು.

ಈ ಹಿನ್ನೆಲೆಯಲ್ಲಿ ಮೂರು ಸಲಹೆಗಳನ್ನು ಸದಸ್ಯರ ಮುಂದಿಡಬಯಸುತ್ತೇನೆ. ಮೊದಲನೆಯದಾಗಿ, ಪ್ರತಿ ಪ್ರಮುಖ ಯಂತ್ರಕ್ಕೂ ಒಂದು ದಾಖಲೆ ಪುಸ್ತಕವನ್ನು ಇಡಬೇಕು. ದುಡಿದ ಗಂಟೆ, ಬದಲಾಯಿಸಿದ ಭಾಗ, ಮಾಡಿದವರ ಸಹಿ, ಬಿಲ್ಲಿನ ಪ್ರತಿ ಇಷ್ಟಿದ್ದರೆ ಸಾಕು. ಇದಕ್ಕೆ ತಗಲುವ ವೆಚ್ಚ ಒಂದು ನೋಟ್‌ಬುಕ್ಕಿನದು. ಎರಡನೆಯದಾಗಿ, ಮೌಲ್ಯಮಾಪನ ಮಾಡಿಸುವಾಗ ಉದ್ದೇಶ, ದಿನಾಂಕ, ಆಧಾರ ಇವು ಮೂರನ್ನೂ ವರದಿಯಲ್ಲಿ ನಮೂದಿಸುವಂತೆ ಕೇಳಬೇಕು; ಮುಂದೆ ಬರಲಿರುವ ದೊಡ್ಡ ದುರಸ್ತಿಯ ವೆಚ್ಚವನ್ನು ಕಳೆದು ತೋರಿಸುವಂತೆಯೂ ಕೇಳಬೇಕು. ಮೂರನೆಯದಾಗಿ, ನಮ್ಮ ಸಂಸ್ಥೆಯು ಇದಕ್ಕೊಂದು ಮಾದರಿ ನಮೂನೆಯನ್ನು ಸಿದ್ಧಪಡಿಸಿ, ಬ್ಯಾಂಕುಗಳ ಹಾಗೂ ವಿಮಾ ಕಂಪನಿಗಳ ಜೊತೆ ಚರ್ಚಿಸಬೇಕು. ದಾಖಲೆ ಇಟ್ಟವನಿಗೂ ಇಡದವನಿಗೂ ಒಂದೇ ಸಾಲದ ಮಿತಿ ದೊರೆಯುವವರೆಗೆ ದಾಖಲೆ ಇಡುವ ಉತ್ಸಾಹ ಯಾರಿಗೂ ಬಾರದು.

ಸಣ್ಣ ಘಟಕಗಳಿಗೆ ಇಷ್ಟೆಲ್ಲ ಬರೆದಿಡಲು ಪುರುಸೊತ್ತೆಲ್ಲಿ ಎಂಬ ಆಕ್ಷೇಪ ಬರಬಹುದು. ಅದು ನಿರಾಧಾರವೇನಲ್ಲ, ನಾನೂ ಹಲವು ವರ್ಷ ಅದನ್ನೇ ಹೇಳಿಕೊಂಡು ಬಂದವನು. ಆದರೆ ಬರೆದಿಡದ ಕಾರಣಕ್ಕೆ ಆಗುವ ನಷ್ಟ ಯಾವ ಪುಸ್ತಕದಲ್ಲಿಯೂ ಕಾಣಿಸುವುದಿಲ್ಲ. ಅದು ನಿವೃತ್ತನಾಗುವ ಪಾಲುದಾರನ ಮೇಲೋ, ಯಜಮಾನ ತೀರಿಕೊಂಡ ಮೇಲೆ ಕಾರ್ಖಾನೆ ಮಾರಬೇಕಾದ ಮನೆಯವರ ಮೇಲೋ ಸದ್ದಿಲ್ಲದೆ ಬೀಳುತ್ತದೆ. ಚೌಕಾಸಿ ಮಾಡುವ ಶಕ್ತಿ ಅತ್ಯಂತ ಕಡಿಮೆ ಇರುವವರೂ ಅವರೇ.

ನಮ್ಮ ಘಟಕದ ಪ್ರತಿ ಯಂತ್ರದ ಪಕ್ಕದಲ್ಲಿಯೂ ಈಗ ಒಂದೊಂದು ಪುಸ್ತಕ ತೂಗುಹಾಕಿದೆ. ಆ ಹಳೆಯ ಗ್ರೈಂಡಿಂಗ್ ಯಂತ್ರದ ಪುಸ್ತಕದ ಮೊದಲ ಪುಟದಲ್ಲಿ, ಸ್ಪಿಂಡಲ್ ಬೇರಿಂಗುಗಳನ್ನು ಬದಲಾಯಿಸಿದ ವಿವರವನ್ನು ನೆನಪಿನಿಂದ ಬರೆಸಿದ್ದೇನೆ. ಬಿಲ್ಲಿನ ಸಂಖ್ಯೆಯ ಜಾಗ ಮಾತ್ರ ಖಾಲಿಯಿದೆ.